ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ಸಾಲಿನಲ್ಲಿ ಕಳೆ ತೆಗೆಯುವುದು ಹೇಗೆ

ರಾಸ್ಪ್‌ಬೆರಿ ನೆಡಬೇಕು, ಸಸಿ ಎಲ್ಲಿ ತರಲಿ ಅಂತ ಯಾರಾದರೂ ಕೇಳಿದರೆ ನಾನು ಸಸಿಯ ಮಾತೇ ಎತ್ತುವುದಿಲ್ಲ. ಆ ಜಾಗದಲ್ಲಿ ಈಗ ಏನು ಬೆಳೆದಿದೆ ಅಂತ ಕೇಳುತ್ತೇನೆ. ಟೊಮ್ಯಾಟೊ, ಮೆಣಸಿನಗಿಡ ಆದರೆ ಒಂದು ವರ್ಷದ ಮಾತು. ಕಳೆ ಜಾಸ್ತಿಯಾಯಿತು ಅಂದರೆ ಮುಂದಿನ ವರ್ಷ ಅಗೆದು ಹೊಸದಾಗಿ ಶುರು ಮಾಡಬಹುದು. ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ಗಿಡಗಳು ಹಾಗಲ್ಲ. ಒಮ್ಮೆ ನೆಟ್ಟರೆ ಹತ್ತು ವರ್ಷಕ್ಕೂ ಮೇಲೆ ಅಲ್ಲೇ ಇರುತ್ತವೆ. ಮುಳ್ಳಿನ ಪೊದೆಯೊಳಗೆ ಹುಲ್ಲು ಸೇರಿಕೊಂಡ ಮೇಲೆ ಅದನ್ನು ಕೀಳುವ ಕೆಲಸ ಯಾರಿಗೂ ಬೇಡ.

ನಾವಿರುವುದು ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ. ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆಯ ರಾಗಿ ಹೊಲದ ಮನೆಯಲ್ಲಿ. ಕೆಳಗೆ ಹೇಳುವುದೆಲ್ಲ ಇಲ್ಲಿನ ವಿಲಾಮೆಟ್ ಕಣಿವೆಯ ಮಳೆ, ಮಣ್ಣಿಗೆ ಹೊಂದುವ ಮಾತು. ಇಲ್ಲಿ ಮಳೆಯೆಲ್ಲ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಜುಲೈ, ಆಗಸ್ಟ್‌ನಲ್ಲಿ ಒಂದು ಹನಿ ಬಿದ್ದರೆ ಹೆಚ್ಚು. ಹಾಗಾಗಿ ಕಳೆಗೂ ಎರಡು ಕಾಲ: ಶರತ್ಕಾಲದ ಮೊದಲ ಮಳೆಗೆ ಹುಟ್ಟುವವು ಒಂದು ಗುಂಪು, ಏಪ್ರಿಲ್ ಮೇನಲ್ಲಿ ಮಣ್ಣು ಬೆಚ್ಚಗಾದಾಗ ಏಳುವವು ಇನ್ನೊಂದು.

ನೆಡುವ ಮೊದಲು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಜನ ಮಾತ್ರ ಇದನ್ನೇ ಹಾರಿಸಿಬಿಡುತ್ತಾರೆ.

ಒಂದು ವರ್ಷ ಬದುಕಿ ಸಾಯುವ ಕಳೆಗೆ ಹೆದರಬೇಡಿ. ಭಯಪಡಬೇಕಾದದ್ದು ಬೇರಿನಿಂದ ಮತ್ತೆ ಮತ್ತೆ ಚಿಗುರುವವಕ್ಕೆ. ನಮ್ಮ ಗರಿಕೆಯ ಹಾಗೆ ನೆಲದೊಳಗೇ ಹರಿಯುವ ಕ್ವ್ಯಾಕ್‌ಗ್ರಾಸ್, ಕೆನಡಾ ಥಿಸಲ್, ಹಾರ್ಸ್‌ಟೇಲ್, ಕೊನ್ನಾರಿ ಗಡ್ಡೆಯ ಜಾತಿಯ ನಟ್‌ಸೆಡ್ಜ್. ಎಲ್ಲಕ್ಕಿಂತ ಕೆಟ್ಟದ್ದು ಬೈಂಡ್‌ವೀಡ್. ಗೆಣಸಿನ ಕುಟುಂಬದ ಬಳ್ಳಿ, ಬಿಳಿ ಹೂವು, ನೋಡಲು ಮುದ್ದಾಗಿದೆ. ಬೇರು ಎಷ್ಟೋ ಅಡಿ ಆಳಕ್ಕೆ ಇಳಿದಿರುತ್ತದೆ. ಎರಡು ಇಂಚಿನ ತುಂಡು ಮಣ್ಣಲ್ಲಿ ಉಳಿದರೂ ಹೊಸ ಗಿಡ. ಮಣ್ಣು ಉಳುವ ಯಂತ್ರ ರೋಟೋಟಿಲ್ಲರ್ ಓಡಿಸಿದಿರೋ, ಒಂದು ಬಳ್ಳಿ ಇದ್ದ ಕಡೆ ನೂರಾಗುತ್ತದೆ. ಇದು ಕಂಡ ಜಾಗದಲ್ಲಿ ಬೆರಿ ನೆಡಲೇಬೇಡಿ, ಹಿತ್ತಲಿನ ಇನ್ನೊಂದು ಮೂಲೆ ನೋಡಿಕೊಳ್ಳಿ ಅಂತಲೇ ನನ್ನ ಸಲಹೆ.

ಉಳಿದವಕ್ಕೆ ಸುಲಭದ ದಾರಿ ಕಪ್ಪು ಟಾರ್ಪಾಲು. ದಪ್ಪದ್ದೇ ಬೇಕು, ಬೆಳಕು ತೂರಬಾರದು. ಮಾರ್ಚ್ ಏಪ್ರಿಲ್‌ನಲ್ಲಿ ಹುಲ್ಲನ್ನು ಬುಡಕ್ಕೆ ಕತ್ತರಿಸಿ ಹೊದಿಸಿ. ಅಂಚಿಗೆ ಮಣ್ಣು ಏರಿಸಿ, ಮೇಲೆ ಕಲ್ಲು ಹೇರಿ. ಆ ಬೇಸಿಗೆ ಪೂರ್ತಿ ಹಾಗೇ ಇರಲಿ. ಶರತ್ಕಾಲದಲ್ಲಿ ತೆಗೆದು ನೋಡಿ. ಬಿಳಿಚಿಕೊಂಡ ಬೇರು ಇನ್ನೂ ಗಟ್ಟಿಯಾಗಿದ್ದರೆ ಮತ್ತೆ ಮುಚ್ಚಿ. ಮಾರನೇ ಮಾರ್ಚ್ ಏಪ್ರಿಲ್‌ನಲ್ಲಿ ನರ್ಸರಿಗಳಲ್ಲಿ ಮಣ್ಣಿಲ್ಲದ, ಬರಿ ಬೇರಿನ ಸಸಿ ಬರುತ್ತವೆ, ಆಗ ನೆಡಿ. ಒಂದು ವರ್ಷ ಸುಮ್ನೆ ಕಾಯಬೇಕಾ ಅಂತ ಅನ್ನಿಸುತ್ತದೆ, ಅಲ್ವಾ? ಕಾಯಬೇಕು.

ಇನ್ನೊಂದು ಮಾತು. ನಮ್ಮವರ ಹಿತ್ತಲಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇಲ್ಲದೆ ಇರುವುದಿಲ್ಲ. ಇವು ಬೆಳೆದ ಮಣ್ಣಲ್ಲಿ ವರ್ಟಿಸಿಲಿಯಂ ಅನ್ನುವ ಶಿಲೀಂಧ್ರ ಉಳಿದಿರಬಹುದು. ಅದೇ ರಾಸ್ಪ್‌ಬೆರಿಗೂ ಸೊರಗು ರೋಗ ತರುತ್ತದೆ. ನಾಲ್ಕು ವರ್ಷವಾದರೂ ಬಿಟ್ಟು ನೆಡಿ. ಇದೇ ಕಾರಣಕ್ಕೆ ಸಾಲಿನಲ್ಲಿ ಗಣಿಕೆ ಗಿಡ ಕಂಡರೂ ಬಿಡಬೇಡಿ. ಅದೂ ಬದನೆಯ ಕುಟುಂಬವೇ.

ಸಸಿಯನ್ನು ದುಡ್ಡು ಕೊಟ್ಟೇ ತನ್ನಿ, ರೋಗವಿಲ್ಲದ್ದು ಅಂತ ಸರ್ಟಿಫೈಡ್ ಆಗಿರುವುದನ್ನು. ಕರಿಬೇವು, ಮಲ್ಲಿಗೆ ಸಸಿ ಹಂಚಿಕೊಳ್ಳುವುದು ನಮಗೆಲ್ಲ ರೂಢಿ, ಒಳ್ಳೆಯದೇ. ಆದರೆ ಸ್ನೇಹಿತರು ಅಗೆದುಕೊಟ್ಟ ರಾಸ್ಪ್‌ಬೆರಿ ಮರಿಯ ಜೊತೆ ಅವರ ಮನೆಯ ಬೈಂಡ್‌ವೀಡೂ ವೈರಸ್ಸೂ ನಿಮ್ಮ ಮನೆಗೆ ಬರಬಹುದು.

ಆಳಕ್ಕೆ ಅಗೆಯಬೇಡಿ

ಈ ಗಿಡಗಳ ಸಣ್ಣ ಬೇರೆಲ್ಲ ಮೇಲಿನ ಒಂದು ಅಡಿಯೊಳಗೇ ಹರಡಿರುತ್ತದೆ. ಗುದ್ದಲಿ ಎತ್ತಿ ಹೊಡೆದರೆ ಕಳೆಯ ಜೊತೆ ಗಿಡದ ಬೇರೂ ಹೋಗುತ್ತದೆ. ಕೆತ್ತುವುದು ಒಂದು ಇಂಚು ಸಾಕು, ಎರಡು ಇಂಚು ದಾಟಬಾರದು.

ಅದಕ್ಕೆ ಇಲ್ಲಿ ಹುಲಾ ಹೋ ಅಂತ ಒಂದು ಸಲಕರಣೆ ಸಿಗುತ್ತದೆ. ಉದ್ದ ಹಿಡಿ, ತುದಿಯಲ್ಲಿ ಕುಣಿಕೆಯಂತೆ ಬಾಗಿದ ಅಲಗು, ಎರಡೂ ಕಡೆ ಹರಿತ. ರಾಗಿ ಹೊಲದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅಲಗು ಮಣ್ಣಿನ ಚರ್ಮದ ಕೆಳಗೇ ಸರಿದು ಕಳೆಯ ಕತ್ತು ಕುಯ್ಯುತ್ತದೆ. ಹಿಂದೆ ಮುಂದೆ ಎಳೆಯುತ್ತ ನಡೆದರೆ ಆಯಿತು, ಬಗ್ಗಬೇಕಾಗಿಲ್ಲ.

ಯಾವಾಗ ಅನ್ನುವುದು ಹೇಗೆ ಅನ್ನುವುದಕ್ಕಿಂತ ದೊಡ್ಡದು. ಕಳೆ ಹಸಿರಾಗಿ ಕಾಣುವ ತನಕ ಕಾಯಬೇಡಿ. ಮೇ ತಿಂಗಳಲ್ಲಿ, ನೀರು ಬಿಟ್ಟ ನಾಲ್ಕೈದು ದಿನಕ್ಕೆ, ಸಾಲಿನ ಪಕ್ಕ ಕೂತು ಉಗುರಲ್ಲಿ ಮಣ್ಣು ಕೆದಕಿ. ಕೂದಲಿನಷ್ಟು ತೆಳ್ಳಗಿನ ಬಿಳಿ ಎಳೆಗಳು ಕಾಣುತ್ತವೆ. ಇನ್ನೂ ಎಲೆ ಬಿಟ್ಟಿಲ್ಲ, ಬೇರು ಹಿಡಿದಿಲ್ಲ. ಆಗ ಹುಲಾ ಹೋ ಎಳೆದರೆ ಅಷ್ಟೂ ಸತ್ತವು. ಬಿಸಿಲಿರುವ ದಿನ ಬೆಳಿಗ್ಗೆಯೇ ಮಾಡಿ, ಸಂಜೆಗೆ ಒಣಗಿರುತ್ತವೆ. ಮೋಡದ ದಿನ ಕೆತ್ತಿದರೆ ಅರ್ಧ ಮತ್ತೆ ಬೇರೂರುತ್ತವೆ.

ಗಿಡದ ಬುಡದ ಹತ್ತಿರ ಮಾತ್ರ ಕೈಯೇ ಗತಿ. ಮೊದಲ ವರ್ಷ ಹೊಸ ಚಿಗುರು ನೆಲದಿಂದ ಏಳುವಾಗ ಕೆಂಪು ಛಾಯೆಯ ಸಣ್ಣ ಮೊನೆಯಂತೆ ಇರುತ್ತದೆ, ಅಲಗಿಗೆ ಸಿಕ್ಕಿದರೆ ಗೊತ್ತೂ ಆಗುವುದಿಲ್ಲ. ಸಾಲಿನ ಉದ್ದಕ್ಕೂ ಮೂರರಿಂದ ನಾಲ್ಕು ಅಡಿ ಅಗಲದ ಪಟ್ಟಿ ಆ ವರ್ಷ ಪೂರ್ತಿ ಬೋಳಾಗಿರಲಿ. ಎರಡನೇ ವರ್ಷದಿಂದ ಗಿಡದ ನೆರಳೇ ಅರ್ಧ ಕೆಲಸ ಮಾಡುತ್ತದೆ.

ಹೊದಿಕೆ: ಎರಡಕ್ಕೂ ಒಂದೇ ಅಲ್ಲ

ಅಂಗಡಿಯಲ್ಲಿ ಕಳೆ ತಡೆಯಲು ಹಾಸುವ ಕಪ್ಪು ನೇಯ್ಗೆಯ ವೀಡ್ ಮ್ಯಾಟ್ ಕಂಡ ಕೂಡಲೇ ಎರಡೂ ಸಾಲಿಗೆ ಹಾಸಿಬಿಡೋಣ ಅನ್ನಿಸುತ್ತದೆ. ತಡೆಯಿರಿ. ರಾಸ್ಪ್‌ಬೆರಿ ಮತ್ತು ಬಳ್ಳಿ ಬ್ಲ್ಯಾಕ್‌ಬೆರಿ ಚಿಗುರುವ ರೀತಿಯೇ ಬೇರೆ.

ಬಳ್ಳಿಯಾಗಿ ಹರಿಯುವ ಬ್ಲ್ಯಾಕ್‌ಬೆರಿ ಹೊಸ ಕಡ್ಡಿಗಳನ್ನು ಬುಡದಿಂದಲೇ ಬಿಡುತ್ತದೆ. ಇಲ್ಲಿನ ಹೆಸರುವಾಸಿ ತಳಿ ಮೇರಿಯನ್ ಕೂಡ ಹೀಗೆಯೇ. ಅದು 1956ರಲ್ಲಿ ಇದೇ ರಾಜ್ಯದಲ್ಲಿ ಬಿಡುಗಡೆಯಾದದ್ದು. ಮ್ಯಾಟಿನಲ್ಲಿ ಬುಡಕ್ಕೆ ಒಂದು ತೂತು ಬಿಟ್ಟರೆ ಗಿಡಕ್ಕೆ ಏನೂ ತೊಂದರೆಯಿಲ್ಲ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಬರ್ನಡೀನ್ ಸ್ಟ್ರಿಕ್ ಅವರ ತಂಡ ಸಾವಯವ ಬ್ಲ್ಯಾಕ್‌ಬೆರಿಯಲ್ಲಿ ವೀಡ್ ಮ್ಯಾಟ್, ಕೈಯಲ್ಲಿ ಕಳೆ ತೆಗೆಯುವುದು, ಏನೂ ತೆಗೆಯದೆ ಬಿಡುವುದು, ಮೂರನ್ನೂ ಹೋಲಿಸಿ ನೋಡಿತ್ತು. ಕಳೆ ಬಿಟ್ಟ ಸಾಲಿಗಿಂತ ಮ್ಯಾಟ್ ಹಾಸಿದ ಸಾಲಿನಲ್ಲಿ ಇಳುವರಿ ಹೆಚ್ಚು ಬಂತು. ಚಳಿಗಾಲದಲ್ಲಿ ಆಗಾಗ ಅಂಚು ಎತ್ತಿ ನೋಡಿ. ವೋಲ್ ಅನ್ನುವ ಇಲಿ ಅಡಿಯಲ್ಲಿ ಬಿಲ ಮಾಡಿಕೊಂಡು ಬೇರು ಕಡಿಯುತ್ತದೆ.

ರಾಸ್ಪ್‌ಬೆರಿ ಬೇರಿನ ಉದ್ದಕ್ಕೂ ಎಲ್ಲೆಂದರಲ್ಲಿ ಮರಿ ಎಬ್ಬಿಸುತ್ತದೆ. ಮ್ಯಾಟ್ ಹಾಸಿದರೆ ಮುಂದಿನ ವರ್ಷ ಹಣ್ಣು ಕೊಡಬೇಕಾದ ಕಡ್ಡಿಗಳೇ ಅಡಿಯಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಅದಕ್ಕೆ ಮರದ ಚಕ್ಕೆಯೇ ಸರಿ. ಮೂರು ಇಂಚು ಹರಡಿ, ಬುಡದಿಂದ ಒಂದು ಗೇಣು ದೂರ ಇರಲಿ. ಹೊಸ ಮರದ ಪುಡಿ ಹಾಕಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ, ಗೊಬ್ಬರ ಸ್ವಲ್ಪ ಜಾಸ್ತಿ ಕೊಡಿ. ಮಣ್ಣು ಜಿಗುಟಾಗಿ ನೀರು ನಿಲ್ಲುವಂತಿದ್ದರೆ ಮೊದಲು ಒಂದು ಅಡಿ ಎತ್ತರದ ಏರುಮಡಿ ಮಾಡಿ, ಹೊದಿಕೆ ತೆಳ್ಳಗಿರಲಿ. ತೇವ ಕಟ್ಟಿದರೆ ರಾಸ್ಪ್‌ಬೆರಿಗೆ ಬೇರು ಕೊಳೆ ರೋಗ ಬರುತ್ತದೆ.

ಒಣಹುಲ್ಲು, ಸಗಣಿ ಗೊಬ್ಬರ ತರುವಾಗ ಎಚ್ಚರ. ಹುಲ್ಲುಗಾವಲಿಗೆ ಹೊಡೆದ ಕೆಲವು ಕಳೆನಾಶಕಗಳು ಹಸುವಿನ ಹೊಟ್ಟೆ ದಾಟಿ ಬಂದ ಮೇಲೂ ಗೊಬ್ಬರದಲ್ಲಿ ಉಳಿದಿರುತ್ತವೆ. ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿ ಹುರುಳಿಕಾಯಿ ಬೀಜ ಹಾಕಿ, ಇನ್ನೊಂದರಲ್ಲಿ ಬರೀ ಮಣ್ಣಿಗೆ ಹಾಕಿ. ಮೂರು ವಾರದಲ್ಲಿ ಗೊಬ್ಬರದ ಗಿಡದ ಎಲೆ ಬಟ್ಟಲಿನಂತೆ ಮುದುಡಿದರೆ ಆ ಲೋಡು ಬೇಡ.

ನೀರು, ಹುಲ್ಲು, ಔಷಧಿ

ಬೇಸಿಗೆಯಲ್ಲಿ ಹನಿ ನೀರಾವರಿ ಬಿಟ್ಟು ಬೇರೆ ಏನೂ ಬೇಡ. ಮಳೆಯಿಲ್ಲದ ಕಾಲದಲ್ಲಿ ನೀರು ಬಿದ್ದ ಕಡೆ ಮಾತ್ರ ಕಳೆ ಹುಟ್ಟುತ್ತದೆ. ಸ್ಪ್ರಿಂಕ್ಲರ್ ಹಾಕಿದರೆ ದಾರಿಗೂ ನೀರುಣಿಸಿ ಕಳೆ ಸಾಕಿದಂತೆ. ಸಾಲುಗಳ ನಡುವೆ ಹುಲ್ಲು ಇದ್ದರೆ ಇರಲಿ, ಕೆಸರಾಗುವುದಿಲ್ಲ. ತೆನೆ ಬರುವ ಮೊದಲು ಕತ್ತರಿಸಿ. ಹಳದಿ ಹೂವಿನ ಡ್ಯಾಂಡಿಲಯನ್ ಕಳೆಯನ್ನು ಮಾತ್ರ ಬಿಡಬೇಡಿ. ಟೊಮ್ಯಾಟೊ ರಿಂಗ್‌ಸ್ಪಾಟ್ ಅನ್ನುವ ವೈರಸ್ ಅದರಲ್ಲಿ ಉಳಿದಿರುತ್ತದೆ. ಮಣ್ಣಿನ ಜಂತುಹುಳು ಅದನ್ನು ರಾಸ್ಪ್‌ಬೆರಿ ಬೇರಿಗೆ ದಾಟಿಸುತ್ತದೆ. ಆಮೇಲೆ ಹಣ್ಣು ಕಿತ್ತರೆ ಕೈಯಲ್ಲೇ ಪುಡಿಪುಡಿ.

ಸಾಲಿನಿಂದ ಹೊರಗೆ ಬಂದ ರಾಸ್ಪ್‌ಬೆರಿ ಮರಿಯೂ ಕಳೆಯೇ. ಸಾಲು ಒಂದರಿಂದ ಒಂದೂವರೆ ಅಡಿ ಅಗಲ ಮೀರದಂತೆ ಸನಿಕೆಯಿಂದ ಅಂಚು ಕತ್ತರಿಸಿ. ಆ ಮರಿಯ ಮೇಲೆ ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡೆದರೆ ತಾಯಿ ಗಿಡವೂ ಸಾಯಬಹುದು, ಬೇರು ಒಂದೇ ಅಲ್ವಾ. ಆ ಔಷಧಿ ನೆಡುವ ಮೊದಲಿಗೇ ಮುಗಿಯಲಿ. ಲಾನಿಗೆ ಹಾಕುವ ವೀಡ್ ಅಂಡ್ ಫೀಡ್ ಗೊಬ್ಬರದಲ್ಲೂ ಅಗಲ ಎಲೆಯ ಗಿಡ ಕೊಲ್ಲುವ ಔಷಧಿ ಇರುತ್ತದೆ. ನಮ್ಮ ಯಜಮಾನರು ಅದರ ಚೀಲ ಬಿಚ್ಚಿದರೆ ನಾನು ಬೆರಿ ಸಾಲಿನ ಕಡೆ ಹೋಗಿ ನಿಂತಿರುತ್ತೇನೆ, ಈ ಕಡೆ ಒಂದು ಕಾಳೂ ಬೀಳಬಾರದು ಅಂತ.

ತಿನ್ನುವ ಕಳೆ

ಔಷಧಿ ಹೊಡೆಯದ ಸಾಲಿನಲ್ಲಿ ಜೂನ್ ಹೊತ್ತಿಗೆ ಏಳುವ ಕಳೆ ನಮಗೆ ಹೊಸದೇನಲ್ಲ. ದಂಟು, ಚಕ್ಕೋತ, ಗೋಣಿ ಸೊಪ್ಪು ಮೂರೂ ಬರುತ್ತವೆ. ಅತ್ತೆ ಇಲ್ಲಿಗೆ ಬಂದಾಗ ಬೆಳಿಗ್ಗೆ ಕಾಫಿ ಕುಡಿದು ಹೋಗಿ ಸಾಲು ಸ್ವಚ್ಛ ಮಾಡಿ, ಮಧ್ಯಾಹ್ನ ಮಸ್ಸೊಪ್ಪು ಮಾಡುತ್ತಾರೆ. ಗೋಣಿ ಸೊಪ್ಪಿನ ಜೊತೆ ಅದರ ಹಾಗೇ ನೆಲಕ್ಕೆ ಒತ್ತಿಕೊಂಡು ಬೆಳೆಯುವ ಸ್ಪರ್ಜ್ ಇರುತ್ತದೆ, ಅದು ತಿನ್ನುವಂಥದ್ದಲ್ಲ. ಕಾಂಡ ಮುರಿದು ನೋಡಿ. ಬಿಳಿ ಹಾಲು ಬಂದರೆ ಬಿಸಾಕಿ. ಗೋಣಿ ಸೊಪ್ಪಿನಲ್ಲಿ ಹಾಲಿಲ್ಲ, ಕಾಂಡ ದಪ್ಪ, ನೀರು ತುಂಬಿದ್ದು.

ಚಳಿಗಾಲದಲ್ಲಿ

ಹೆರಿಟೇಜ್ ತಳಿಯ ಥರದ, ಶರತ್ಕಾಲದಲ್ಲಿ ಹಣ್ಣು ಕೊಡುವ ರಾಸ್ಪ್‌ಬೆರಿ ಇದ್ದರೆ ಫೆಬ್ರವರಿಯಲ್ಲಿ ಎಲ್ಲ ಕಡ್ಡಿಯನ್ನೂ ನೆಲಮಟ್ಟಕ್ಕೆ ಕತ್ತರಿಸಿ. ಇಡೀ ಸಾಲು ಖಾಲಿಯಾಗಿ ಕಾಣುವುದು ಆಗ ಮಾತ್ರ. ಮುಳ್ಳಿಲ್ಲ, ಎಲೆಯಿಲ್ಲ, ಮಣ್ಣು ಮೆತ್ತಗಿದೆ. ಹುಲ್ಲಿನ ಬುಡವನ್ನು ಬೇರು ಸಮೇತ ಎತ್ತಲು ಇದಕ್ಕಿಂತ ಒಳ್ಳೆ ದಿನ ಸಿಗುವುದಿಲ್ಲ. ಅದೇ ಹೊತ್ತಿಗೆ ಬಿಟರ್‌ಕ್ರೆಸ್ ಅನ್ನುವ ಕಳೆ ಸಣ್ಣ ಬಿಳಿ ಹೂ ಬಿಟ್ಟಿರುತ್ತದೆ. ಹೂವಲ್ಲೇ ಕೀಳಿ. ಕಾಯಿ ಬಲಿತ ಮೇಲೆ ಮುಟ್ಟಿದರೆ ಚಟಪಟ ಸಿಡಿದು ಬೀಜ ಕಣ್ಣಿಗೇ ಹಾರುತ್ತದೆ.

ಕೊನೆಗೆ ಕಾಡು ಬ್ಲ್ಯಾಕ್‌ಬೆರಿ. ರಸ್ತೆ ಬದಿ, ಹಳ್ಳದ ದಂಡೆ, ಎಲ್ಲೆಲ್ಲೂ ತುಂಬಿರುವ ಹಿಮಾಲಯನ್ ಬ್ಲ್ಯಾಕ್‌ಬೆರಿಯನ್ನು 1885ರಲ್ಲಿ ಮಾರುಕಟ್ಟೆಗೆ ಬಿಟ್ಟವರು ಲೂಥರ್ ಬರ್ಬ್ಯಾಂಕ್. ಹಣ್ಣು ತಿಂದ ಹಕ್ಕಿಗಳು ನೀವು ಗಿಡ ಕಟ್ಟುವ ತಂತಿಯ ಮೇಲೆ ಕೂತು ಬೀಜವನ್ನು ಸಾಲಿಗೇ ಉದುರಿಸುತ್ತವೆ. ಮುಳ್ಳಿಲ್ಲದ ಟ್ರಿಪಲ್ ಕ್ರೌನ್ ತಳಿ ಇದ್ದರೆ ಗುರುತು ಸುಲಭ, ಮುಳ್ಳಿದ್ದದ್ದು ಹೊರಗಿನದು. ಇಲ್ಲದಿದ್ದರೆ ಕಡ್ಡಿ ನೋಡಿ. ಕಾಡಿನದ್ದಕ್ಕೆ ಅಂಚು ಅಂಚಾಗಿ ಏಣು ಇರುತ್ತದೆ, ದಪ್ಪ ಮುಳ್ಳು, ಐದು ಎಲೆಯ ಗೊಂಚಲು, ಎಲೆಯ ಅಡಿ ಬಿಳಿ ಬೂದು. ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ. ನವೆಂಬರಿನಲ್ಲಿ ಮಣ್ಣು ನೆನೆದಾಗ ಚರ್ಮದ ಗ್ಲೌಸ್ ಹಾಕಿಕೊಂಡು, ಬುಡದ ಗಂಟಿನ ಸಮೇತ ಮೀಟಿ ತೆಗೆಯಿರಿ. ಕಿತ್ತದ್ದನ್ನು ಸಾಲಿನ ಮೇಲೆ ಬಿಟ್ಟು ಬರಬೇಡಿ. ಆ ಮಳೆಗೆ ಗಂಟು ಮತ್ತೆ ಬೇರು ಬಿಡುತ್ತದೆ. ತೋಟದ ಕಸ ಹಾಕುವ ಯಾರ್ಡ್ ಡೆಬ್ರಿ ಡಬ್ಬಿಗೆ ಹಾಕಿ.