ಪೀಣ್ಯದ ಸಂಬಳ ಪಟ್ಟಿಯನ್ನು ಹೊಸ ಸಂಹಿತೆಗೆ ಹೊಂದಿಸಿದ ಬಗೆ

2025ರ ನವೆಂಬರ್ 21ರಂದು ನಾಲ್ಕೂ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಪೀಣ್ಯದ ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕದಲ್ಲಿ ನಾನು ಮೊದಲು ಹಿಡಿದದ್ದು ‘ವೇತನ’ ಎಂಬ ಒಂದೇ ಪದವನ್ನು. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟು) ಎಲ್ಲಕ್ಕೂ ಈಗ ಅದೇ ಅಳತೆಗೋಲು.

ಪಟ್ಟಿಯ ಪ್ರತಿ ಕಾಲಂ ಪಕ್ಕ ಒಂದು ಗುರುತು ಹಾಕಿದೆ: ಕಾನೂನು ವೇತನದಿಂದ ಹೊರಗಿಟ್ಟ ಬಾಬತ್ತೋ, ಅಲ್ಲವೋ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸ್ (ಓಡಾಟದ ಭತ್ಯೆ), ಓಟಿ, ಕಮಿಷನ್, ಕಂಪನಿ ಪಾಲಿನ ಪಿಎಫ್ ಹೊರಗಿವೆ. ಸ್ಪೆಷಲ್ ಅಲೋಯನ್ಸ್ ಎಂಬ ಹೆಸರೇ ಅಲ್ಲಿಲ್ಲ. ಅದನ್ನು ನೇರವಾಗಿ ವೇತನಕ್ಕೆ ಸೇರಿಸಿದೆ. ಹೊರಗಿಟ್ಟದ್ದೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟು ಮತ್ತೆ ವೇತನಕ್ಕೇ ಬರುತ್ತದೆ.

ಒಂದು ಲೆಕ್ಕ ನೋಡಿ. ಬೇಸಿಕ್ 12,000, ಎಚ್‌ಆರ್‌ಎ 16,000, ಕನ್ವೇಯನ್ಸ್ 12,000, ಕಂಪನಿ ಪಿಎಫ್ 1,800. ಒಟ್ಟು 41,800, ಅರ್ಧ 20,900. ಹೊರಗಿನವು 29,800, ಅಂದರೆ 8,900 ಹೆಚ್ಚು. ವೇತನ 12,000 ಅಲ್ಲ, 20,900. ಕಂಪನಿ ಪಿಎಫ್ ಮರೆತು 40,000ದ ಅರ್ಧ 20,000 ಎಂದು ಬರೆಯುವುದೇ ಹೆಚ್ಚಿನವರು ಎಡವುವ ಜಾಗ.

ಕೈಗೆ ಬರುವ ಸಂಬಳ ಭಾರೀ ಇಳಿಯುತ್ತದೆ ಎಂಬ ಗಾಬರಿ ಬೇಡ. ವೇತನದ ಶೇ 12ರಂತೆ ಕಡಿಯುವ ಪಿಎಫ್ ಅನ್ನು 15,000ದ ವೇತನ ಮಿತಿಗೇ ಕಟ್ಟಿದರೆ ಈ ಉದಾಹರಣೆಯಲ್ಲಿ ಕಡಿತ 1,440ರಿಂದ 1,800ಕ್ಕೆ ಏರುತ್ತದೆ, 360 ಮಾತ್ರ. ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಬದಲಿಸದೆ ಕಂಪನಿ ಪಾಲನ್ನೂ ಅದರೊಳಗೇ ತೂರಿಸಿದ್ದರೆ 720.

ನಿಜವಾದ ಹೊರೆ ಗ್ರಾಚ್ಯುಟಿಯದು. ಅದು ಕೊನೆಯ ವೇತನದ ಮೇಲೆ, ವರ್ಷಕ್ಕೆ 15/26ರ ಲೆಕ್ಕ, ಅಂದರೆ ತಿಂಗಳಿಗೆ 26 ದಿನ ಎಂದು ಹಿಡಿದು 15 ದಿನದ ವೇತನ. ಹತ್ತು ವರ್ಷ ದುಡಿದವರಿಗೆ 12,000ದ ಮೇಲೆ 69,231 ಆಗುತ್ತಿದ್ದದ್ದು, 20,900ರ ಮೇಲೆ 1,20,577. ವೇತನ ಏರಿದ್ದು ಇವತ್ತಾದರೂ ಹಳೆಯ ವರ್ಷಗಳಿಗೂ ಅದೇ ದರ ಅಂಟಿಕೊಳ್ಳುತ್ತದೆ. ಇನ್ಫೋಸಿಸ್ 2025ರ ಡಿಸೆಂಬರ್ ತ್ರೈಮಾಸಿಕದಲ್ಲಿ ಈ ಸಂಹಿತೆಗಳ ಬಾಬ್ತು 1,289 ಕೋಟಿ ರೂಪಾಯಿ ತೋರಿಸಬೇಕಾಯಿತು. ನಮ್ಮಂಥ ಕಡೆ ನೌಕರರ ಸೇವಾವಧಿ ಪಟ್ಟಿ ಮಾಡಿ, ವ್ಯತ್ಯಾಸವನ್ನು ಈ ವರ್ಷದ ಖರ್ಚಿಗೇ ಹಾಕಿಸಿದೆ. ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗುವುದು ನಿಗದಿತ ಅವಧಿಯ ನೌಕರರಿಗೆ. ಕಾಯಂನವರಿಗೆ ಐದು ವರ್ಷದ ನಿಯಮ ಹಾಗೇ ಇದೆ. ಇದನ್ನು ಮಾಲೀಕರಿಗೂ ಕೆಲಸಗಾರರಿಗೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು, ರಾಜೀನಾಮೆ ಕೊಟ್ಟವರಿಗೂ ಅಷ್ಟೇ. ಹಳೆಯ ಪದ್ಧತಿಯಂತೆ ತಿಂಗಳ ಕೊನೆಗೆ ಕಾದರೆ ಆಗದು. ರಾಜೀನಾಮೆ ಬಂದ ದಿನವೇ ಸೆಟ್ಲ್‌ಮೆಂಟ್ ಶೀಟ್ ತೆರೆಯುತ್ತೇನೆ. ಮುಂಗಡ, ಉಳಿದ ರಜೆ, ನೋಟಿಸ್ ಕಡಿತ ಅಂದೇ ತುಂಬುತ್ತವೆ. ಸಿಮ್, ಟೂಲ್ ಕಿಟ್ ಹಿಂದಿರುಗಿಸುವುದು ಕೊನೆಯ ದಿನಕ್ಕೆ ಎರಡು ದಿನ ಮೊದಲು. ಕೊನೆಗೆ ಉಳಿಯುವುದು ಅಂತಿಮ ಹಾಜರಾತಿ ಮಾತ್ರ. ಆದರೂ ಕೆಡುವುದು ಬ್ಯಾಂಕಿನ ಹಂತದಲ್ಲಿ: ಪಾವತಿಗೆ ಒಪ್ಪಿಗೆ ಕೊಡುವ ಪಾಲುದಾರರು ಊರಲ್ಲಿರುವುದಿಲ್ಲ. ಅದಕ್ಕೆ ಇನ್ನೊಬ್ಬರಿಗೂ ಅಧಿಕಾರ ಕೊಡಿಸಿಟ್ಟಿದ್ದೇನೆ. ಗ್ರಾಚ್ಯುಟಿಗೆ 30 ದಿನಗಳ ಬೇರೆ ಗಡುವಿದೆ, ಎರಡನ್ನೂ ಒಂದೇ ಚೆಕ್‌ಗೆ ಗಂಟು ಹಾಕಬಾರದು.

ನೇಮಕಾತಿ ಪತ್ರ ಎಲ್ಲರಿಗೂ ಬೇಕು, ಹಳಬರಿಗೂ. ಪತ್ರವಿಲ್ಲದವರು ಹೆಚ್ಚಾಗಿ ಹೆಲ್ಪರ್, ಡ್ರೈವರ್. ಕನ್ನಡದಲ್ಲೇ ಬರೆದು ಒಂದು ಪ್ರತಿಗೆ ಸಹಿ ಪಡೆಯುವುದು ವಾಸಿ, ಓದದೆ ಹಾಕಿದ ಸಹಿ ತಕರಾರಿನಲ್ಲಿ ನಿಲ್ಲುವುದು ಕಷ್ಟ.

ರಾಜ್ಯದ್ದು ಇನ್ನೊಂದಿದೆ. 2025ರ ನವೆಂಬರ್‌ನ ಆದೇಶದ ಪ್ರಕಾರ 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೊಂದು ಋತುಚಕ್ರ ರಜೆ, ವೇತನ ಸಹಿತ. ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವಂತಿಲ್ಲ, ವೈದ್ಯರ ಚೀಟಿಯೂ ಬೇಡ. ಹಾಜರಾತಿ ಸಾಫ್ಟ್‌ವೇರಿನಲ್ಲಿ ಪ್ರತ್ಯೇಕ ಸಂಕೇತ ಕೊಡದಿದ್ದರೆ ಅದು ಸಿಎಲ್ (ಸಾಂದರ್ಭಿಕ ರಜೆ) ಬಾಕಿಯಿಂದ ಸದ್ದಿಲ್ಲದೆ ಕಳೆಯುತ್ತದೆ.