ಕತ್ತಿಗೆ ಹತ್ತಿದ ತಾಮ್ರ

ಮೂಡಿಗೆರೆ ಕಡೆ ತೋಟಗಳಲ್ಲಿ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಇದನ್ನು ಕಂಡವರೇ. ಹಾಗಾಗಿ ವಿದ್ಯುದ್ವಿಭಜನೆ (ಕರೆಂಟು ಹರಿಸಿ ರಾಸಾಯನಿಕ ಬದಲಾವಣೆ ಮಾಡುವುದು) ಪಾಠವನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಆ ಕೆಂಪು, ತಾಮ್ರ. ನೀರಿನಲ್ಲಿದ್ದ ತಾಮ್ರದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಕತ್ತಿಯ ಕಬ್ಬಿಣದಿಂದ ಎರಡು ಇಲೆಕ್ಟ್ರಾನ್ ಪಡೆದು ಲೋಹವಾಗಿ ಕೂತಿದೆ. ಕಬ್ಬಿಣದ ಬದಲು ಬ್ಯಾಟರಿ ಇಲೆಕ್ಟ್ರಾನ್ ಕೊಟ್ಟರೆ?

ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, 9 ವೋಲ್ಟ್ ಬ್ಯಾಟರಿ, ಗಾಜಿನ ಲೋಟದಲ್ಲಿ ಮೈಲುತುತ್ತದ ನೀರು. ಒಂದೊಂದು ಪೆನ್ಸಿಲನ್ನು ಬ್ಯಾಟರಿಯ ಒಂದೊಂದು ತುದಿಗೆ ತಂತಿಯಿಂದ ಸೇರಿಸಿ ನೀರಿಗಿಳಿಸಿದರೆ, ಸ್ವಲ್ಪ ಹೊತ್ತಿಗೆಲ್ಲ ಋಣ ತುದಿಯ ಪೆನ್ಸಿಲ್‌ನ ಕಪ್ಪು ಮೊನೆ ಕೆಂಪಗಾಗುತ್ತದೆ. ಧನ ತುದಿಯ ಪೆನ್ಸಿಲ್‌ನಲ್ಲಿ ಸಣ್ಣ ಗುಳ್ಳೆ. ಅದು ಆಕ್ಸಿಜನ್. ಅಲ್ಲಿ ಇಲೆಕ್ಟ್ರಾನ್ ಬಿಟ್ಟುಕೊಡುವುದು ಸಲ್ಫೇಟ್ ಅಲ್ಲ, ನೀರು. (ಮೈಲುತುತ್ತ ವಿಷ, ಕೈ ತೊಳೆಯದೆ ಯಾರನ್ನೂ ಊಟಕ್ಕೆ ಬಿಡುವುದಿಲ್ಲ.)

ಮಕ್ಕಳಿಗೆ ಜಾಸ್ತಿ ಗೊಂದಲ ಆಗುವುದು ಆಮೇಲೆ. ತಂತಿಯಲ್ಲಿ ಬಂದ ಇಲೆಕ್ಟ್ರಾನ್ ನೀರಿನಲ್ಲೂ ಈಜಿ ಆಚೆ ಪೆನ್ಸಿಲ್ ಸೇರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ನೀರಿನೊಳಗೆ ಓಡಾಡುವುದು ಅಯಾನುಗಳು ಮಾತ್ರ. ತಂತಿಯೊಳಗೆ ಇಲೆಕ್ಟ್ರಾನ್ ಮಾತ್ರ. ಕೊಡುಕೊಳ್ಳುವುದೆಲ್ಲ ಪೆನ್ಸಿಲ್ ಮೊನೆಯಲ್ಲಿ.

ತಂತಿಯಲ್ಲಿ ಇಲೆಕ್ಟ್ರಾನ್ ಯಾಕೆ ಅಷ್ಟು ಸಲೀಸಾಗಿ ಓಡುತ್ತದೆ? ಇದಕ್ಕೆ ಉತ್ತರ ಲೋಹೀಯ ಬಂಧ. ಅದಕ್ಕೇ ವಿದ್ಯುದ್ವಿಭಜನೆ, ಲೋಹೀಯ ಬಂಧ ಎರಡನ್ನೂ ಒಟ್ಟಿಗೆ ಕಲಿಸಬೇಕು ಅನ್ನುತ್ತೇನೆ. ಊರ ಗೋಮಾಳ ಯಾರೊಬ್ಬರ ಹೆಸರಲ್ಲೂ ಇರುವುದಿಲ್ಲ ಅಲ್ವಾ, ತಾಮ್ರದ ಹೊರಗಿನ ಇಲೆಕ್ಟ್ರಾನ್‌ಗಳೂ ಹಾಗೇ, ಯಾವ ಒಂದು ಪರಮಾಣುವಿನದೂ ಅಲ್ಲ. ಒಂದು ಹರಳು ಮೈಲುತುತ್ತ, ಒಂದು ತುಂಡು ತಾಮ್ರದ ತಂತಿ ಕೊಟ್ಟು ಸುತ್ತಿಗೆಯಿಂದ ಹೊಡೆಯಲು ಹೇಳುತ್ತೇನೆ. ಹರಳು ಪುಡಿಯಾಗುತ್ತದೆ, ತಂತಿ ಚಪ್ಪಟೆಯಾಗುತ್ತದೆ. ತಾಮ್ರದಲ್ಲಿ ಪದರ ಜಾರಿದರೂ ಇಲೆಕ್ಟ್ರಾನ್‌ಗಳು ಹಿಡಿದುಕೊಂಡೇ ಇರುತ್ತವೆ. ಹರಳಿನಲ್ಲಿ ಅಯಾನುಗಳು ಕೂತ ಜಾಗ ತಪ್ಪಿದರೆ ಹಿಡಿತವೇ ಹೋಗುತ್ತದೆ. ಒಣ ಹರಳಿನಲ್ಲಿ ಕರೆಂಟೂ ಹರಿಯುವುದಿಲ್ಲ, ಅಯಾನುಗಳು ಅಲ್ಲಾಡುವಂತಿಲ್ಲ.

ಕೊನೆಗೆ ಪೆನ್ಸಿಲ್ ತೆಗೆದು ಎರಡೂ ಕಡೆ ತಾಮ್ರದ ತಂತಿ ಇಳಿಸುತ್ತೇನೆ. ಪೆನ್ಸಿಲ್ ಇದ್ದಾಗ ನೀರಿನ ನೀಲಿ ನಿಧಾನಕ್ಕೆ ಕಮ್ಮಿಯಾಗುತ್ತಿತ್ತು, ಈಗ ಆಗುವುದಿಲ್ಲ. ಯಾಕೆ ಅಂತ ಅವರೇ ಹೇಳಬೇಕು. ಧನ ತಂತಿಯ ತಾಮ್ರ ಇಲೆಕ್ಟ್ರಾನ್‌ಗಳನ್ನು ತಂತಿಯಲ್ಲೇ ಬಿಟ್ಟು ಅಯಾನಾಗಿ ನೀರಿಗಿಳಿಯುತ್ತದೆ, ಈಚೆ ಅಷ್ಟೇ ತಾಮ್ರ ಕೂರುತ್ತದೆ. ಕಾರ್ಖಾನೆಯಲ್ಲಿ ತಾಮ್ರ ಶುದ್ಧ ಮಾಡುವುದೂ ಹೀಗೇ. ಅಲ್ಲಿ ತೊಟ್ಟಿಯ ತಳದಲ್ಲಿ ಉಳಿಯುವ ಕೆಸರಿನಿಂದ ಬೆಳ್ಳಿ, ಚಿನ್ನ ತೆಗೆಯುತ್ತಾರೆ.