ಧಾರವಾಡದಲ್ಲೇ ಇದ್ದು ಪೋಸ್ಟ್‌ಡಾಕ್ ಮಾಡಿದ್ದು

ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ, ಹುಡುಕುವಾಗ ನಾನು ಮೊದಲು ನೋಡಿದ್ದು ದುಡ್ಡು ಯಾರ ಹೆಸರಿಗೆ ಬರುತ್ತದೆ ಅನ್ನೋದನ್ನ. ಹೊಸದಾಗಿ ಪಿಎಚ್‌ಡಿ ಮುಗಿಸಿದವರು ಇದನ್ನು ಯಾಕೋ ಕೇಳೋದೇ ಇಲ್ಲ.

ಯಾರದೋ ಪ್ರಾಜೆಕ್ಟಿನಲ್ಲಿ ರಿಸರ್ಚ್ ಅಸೋಸಿಯೇಟ್ (ಆರ್‌ಎ) ಆಗಿ ಸೇರಬಹುದು, ಅದರಲ್ಲಿ ಮೂರು ದರ್ಜೆ. 2023ರ ಕೇಂದ್ರದ ಆದೇಶದ ಪ್ರಕಾರ ಆರ್‌ಎ-1ಕ್ಕೆ ತಿಂಗಳಿಗೆ 58,000 ರೂಪಾಯಿ, ಆರ್‌ಎ-2ಕ್ಕೆ 61,000, ಆರ್‌ಎ-3ಕ್ಕೆ 67,000. ಮನೆ ಬಾಡಿಗೆ ಭತ್ಯೆ ಬೇರೆ. ಸರ್ಕಾರದ ಭತ್ಯೆಯ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡ ವೈ ದರ್ಜೆಯ ಊರು, ಹಾಗಾಗಿ ಬೆಂಗಳೂರಿಗಿಂತ ಭತ್ಯೆ ಕಡಿಮೆ. ಧಾರವಾಡದ ಸಪ್ತಾಪುರದ ಬಾಡಿಗೆಗೆ ಅಷ್ಟು ಸಾಕು ಬಿಡಿ. ತೊಂದರೆ ಏನಂದ್ರೆ, ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗೀತು. ನಮ್ಮದೇ ಹೆಸರಿಗೆ ಬರುವ ಫೆಲೋಶಿಪ್ ಆದರೆ ವಿಷಯವೂ ನಮ್ಮದೇ. ಮೊದಲು ಕೇಂದ್ರದ ಸಂಶೋಧನಾ ಅನುದಾನ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿದ್ದ, ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ನೋಡಿಕೊಳ್ಳುವ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು. ವಯಸ್ಸಿನ ಮಿತಿ 35, ಮಹಿಳೆಯರಿಗೆ ಮತ್ತು ಮೀಸಲಾತಿ ಇರುವವರಿಗೆ ಇನ್ನೂ ಐದು ವರ್ಷ ಸಡಿಲಿಕೆ.

ನಾನು ಮೊದಲು ಆರ್‌ಎ ಆಗಿ ಸೇರಿ, ಅಲ್ಲಿಂದಲೇ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಮಾಡುವಾಗ ನನಗೆ ಗೊತ್ತಿದ್ದದ್ದು ಇಲಿ ಮತ್ತು ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶ) ಮಾತ್ರ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡುವುದನ್ನು ರೋಗಿಗಳಲ್ಲೇ ನೋಡಬೇಕು ಅನ್ನುವ ಆಸೆ ಇತ್ತು. ವೈದ್ಯಕೀಯ ಕಾಲೇಜುಗಳ ಪ್ರೊಫೆಸರ್‌ಗಳಿಗೆ ಮೇಲ್ ಬರೆದೆ. ಅವರ ಇತ್ತೀಚಿನ ಪೇಪರ್ ಓದಿ, ಅದರಲ್ಲಿ ಯಾವ ಕೆಲಸ ನನ್ನ ಕೈಲಿ ಆಗುತ್ತದೆ ಅಂತಷ್ಟೇ ಹೇಳಿದೆ: ಎಲೈಸಾ, ವೆಸ್ಟರ್ನ್ ಬ್ಲಾಟ್, ಎಚ್‌ಪಿಎಲ್‌ಸಿ, ಅಂದ್ರೆ ಸ್ಯಾಂಪಲ್‌ನಲ್ಲಿರುವ ಪ್ರೋಟೀನು, ರಾಸಾಯನಿಕಗಳನ್ನು ಗುರುತಿಸಿ ಅಳೆಯುವ ಲ್ಯಾಬ್ ಪರೀಕ್ಷೆಗಳು. ಹೊಗಳಿಕೆ ಬರೆಯಲಿಲ್ಲ.

ಸಂದರ್ಶನದಲ್ಲಿ ಅವರಷ್ಟೇ ನಾನೂ ಪ್ರಶ್ನೆ ಕೇಳಿದೆ. ಎಥಿಕ್ಸ್ ಕಮಿಟಿ ಅನುಮತಿ ಕೈಗೆ ಬಂದಿದೆಯಾ? ರಕ್ತ ತೆಗೆಯೋರು ಯಾರು? ಸ್ಯಾಂಪಲ್ ಇಡುವ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಜನರೇಟರ್ ಲೈನ್ ಇದೆಯಾ? ಒಂದು ಕಡೆ "ಅನುಮತಿ ಬರ್ತೈತಿ ಬಿಡ್ರಿ, ನೀವು ಸೇರ್ಕೊಳ್ರಿ" ಅಂದರು. ಅನುಮತಿ ಇಲ್ಲದೆ ರೋಗಿಯ ಒಂದು ಹನಿ ರಕ್ತವನ್ನೂ ಮುಟ್ಟುವ ಹಾಗಿಲ್ಲ. ಪ್ರಾಜೆಕ್ಟಿನ ಅವಧಿ ಮಾತ್ರ ಓಡುತ್ತಲೇ ಇರುತ್ತದೆ. ಅಲ್ಲಿಗೆ ಹೋಗಲಿಲ್ಲ.

ಇನ್ನೊಂದು ಕಡೆ ಸೇರಿದ ಮೇಲೆ ಕಲಿತದ್ದು ಜಾಸ್ತಿ ಓಪಿಡಿ ಬಾಗಿಲಲ್ಲೇ. ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ ದ್ರವ) ಬೇಕಂದ್ರೆ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಬೇಕು, ಆಮೇಲೆ ತಡ ಮಾಡದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಪಿಜಿ ಡಾಕ್ಟರ್‌ಗಳಿಗೆ ನೂರು ಕೆಲಸ. ಟ್ಯೂಬ್ ಮೇಜಿನ ಮೇಲೇ ಉಳಿದು ರಕ್ತಕಣ ಒಡೆದು ಸ್ಯಾಂಪಲ್ ಕೆಂಪಾಗಿ ಬರುತ್ತಿತ್ತು, ನಮ್ಮ ಅಳತೆಗೆ ಬಾರದ್ದು. ಆಮೇಲೆ ನಾನೇ ಹೋಗಿ ನಿಂತೆ. ಅವರ ರೌಂಡ್ಸ್ ಮುಗಿಯೋ ಹೊತ್ತು, ಚಹಾದ ಹೊತ್ತು ಎಲ್ಲ ಗೊತ್ತಾಯಿತು.

ಗದಗ, ಹಾವೇರಿ ಕಡೆಯಿಂದ ಬಂದ ರೋಗಿಗಳಿಗೆ ಒಪ್ಪಿಗೆ ಪತ್ರ ಸುಮ್ನೆ ಓದಿ ಹೇಳಿದರೆ ತಿಳಿಯುತ್ತಿರಲಿಲ್ಲ. "ಇದರಿಂದ ನನಗೇನು ಆಗ್ತೈತ್ರಿ?" ಅಂತ ಒಬ್ಬ ಅಜ್ಜ ಕೇಳಿದ. "ನಿಮಗ ಈಗ ಏನೂ ಆಗೂದಿಲ್ಲ ಅಜ್ಜಾ, ಮುಂದ ಬರೋರಿಗೆ ಆದೀತು" ಅಂದೆ. ಸ್ವಲ್ಪ ಯೋಚಿಸಿ, "ತಗೋರಿ ಹಂಗಾರ" ಅಂತ ತೋಳು ಚಾಚಿದ. ಬೇಡ ಅಂದವರೂ ಇದ್ದರು, ಅವರ ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅವರಿಗೆ ಮೊದಲೇ ಹೇಳಿರುತ್ತಿದ್ದೆ.

ಇನ್ನೊಂದು ಕಾಗದದ ಮಾತು. ಯುಜಿಸಿಯ 2018ರ ನಿಯಮದಲ್ಲಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವಾಗ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವದ ವರ್ಷಕ್ಕೆ 2 ಅಂಕ, ಹೆಚ್ಚೆಂದರೆ 10. ನನ್ನ ನೇಮಕದ ಆದೇಶದಲ್ಲಿ 'ಪ್ರಾಜೆಕ್ಟ್ ಅಸಿಸ್ಟೆಂಟ್' ಅಂತ ಟೈಪ್ ಆಗಿತ್ತು, ಅದನ್ನು ಪೋಸ್ಟ್‌ಡಾಕ್ ಅಂತ ಲೆಕ್ಕಕ್ಕೆ ತಗೊಳ್ಳದೇ ಹೋಗಬಹುದಿತ್ತು. ಕ್ಲಾರ್ಕ್ ಸಾಹೇಬರು "ಎಲ್ಲಾ ಒಂದೇ ಅಲ್ವಾ?" ಅಂದರು. 'ರಿಸರ್ಚ್ ಅಸೋಸಿಯೇಟ್' ಅಂತ ತಿದ್ದಿಸಿ, ಸೀಲ್ ಹಾಕಿಸಿಕೊಂಡ ಮೇಲೇ ನಾನು ಸಹಿ ಮಾಡಿದ್ದು.